ಓಣಿಯ ಫ್ಲಾಸ್ಕು ಕಡಲು ಕಂಡದ್ದು

ನೀಲಿ ತಗಡು, ಅದರ ಮೇಲೆ ಎರಡು ಕೆಂಪು ಹೂವು, ತಲೆಯ ಮೇಲೆ ಬಟ್ಟಲಿನಂಥ ಮುಚ್ಚಳ. ಜನ ಇದನ್ನೇ ನಾನು ಎಂದುಕೊಂಡಿದ್ದಾರೆ. ಅದು ನನ್ನ ಅಂಗಿ, ಅಷ್ಟೆ. ನಿಜವಾದ ನಾನು ಇರುವುದು ಒಳಗೆ. ದೂರದ ಒಂದು ಕಾರ್ಖಾನೆಯಲ್ಲಿ ಗಾಜಿನ ಬುರುಡೆಯೊಳಗೆ ಇನ್ನೊಂದು ಗಾಜಿನ ಬುರುಡೆ ಇಳಿಸಿ, ಎರಡರ ಬಾಯಿ ಬೆಸೆದು, ನಡುವೆ ಬೆಳ್ಳಿಯ ನೀರು ಬಳಿದು, ಅಲ್ಲಿದ್ದ ಗಾಳಿಯನ್ನೆಲ್ಲ ಹೀರಿ ತೆಗೆದರು. ಕೊನೆಗೆ ಬುಡದ ತುದಿಯನ್ನು ಬೆಂಕಿಗೆ ಹಿಡಿದು ಮುಚ್ಚಿದರು. ನಾನು ಹುಟ್ಟಿದ್ದು ಹಾಗೆ. ನನ್ನ ಎರಡು ಗೋಡೆಗಳ ನಡುವೆ ಏನೂ ಇಲ್ಲ, ಗಾಳಿ ಕೂಡ ಇಲ್ಲ. ಬೆಳಿಗ್ಗೆ ಹಾಕಿದ ನೀರು ಸಂಜೆಗೂ ಬಾಯಿ ಸುಡುವಷ್ಟು ಬಿಸಿ ಇರುವುದು ಆ ಏನೂ ಇಲ್ಲದ ಜಾಗದ ಪುಣ್ಯದಿಂದ. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಮೊದಲೇ ಹೇಳಿಬಿಡುತ್ತೇನೆ.

ರಾಣೆಬೆನ್ನೂರಿನ ಪಾತ್ರೆ ಅಂಗಡಿಯೊಂದರಲ್ಲಿ ನಾಲ್ಕು ತಿಂಗಳು ಧೂಳು ತಿಂದೆ. ಅಲ್ಲಿಂದ ಲೀಲಾವತಿ ಟೀಚರ ಮದುವೆಗೆ ಉಡುಗೊರೆಯಾಗಿ ಹೋದೆ. ಅವರ ಶಾಲೆಯವರೆಲ್ಲ ಸೇರಿ ಕೊಟ್ಟಿದ್ದು. ಟೀಚರು ನನ್ನನ್ನು ಗಾಜಿನ ಕಪಾಟಿನಲ್ಲಿ, ಬಣ್ಣದ ಗಿಳಿಗಳ ಪಕ್ಕ ನಿಲ್ಲಿಸಿದರು. ಮೂರು ವರ್ಷ ಹಾಗೇ ನಿಂತಿದ್ದೆ. ನೀರು ಹಾಕದ ಫ್ಲಾಸ್ಕು ಅಂದರೆ ಕೆಲಸವಿಲ್ಲದ ನೆಂಟ. ಮನೆಗೆ ಬಂದವರು ಚೆನ್ನಾಗಿದೆ ಅನ್ನುತ್ತಿದ್ದರು, ಟೀಚರು ನಗುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಈರಮ್ಮ ಬಾಗಿಲಿಗೆ ಬಂದಳು. ಅವಳ ಗಂಡನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು.

"ಟೀಚರ್ರ, ನಿಮ್ಮ ಫ್ಲಾಸ್ಕ್ ಒಂದೆರಡು ದಿನ ಕೊಡ್ರಿ. ದವಾಖಾನ್ಯಾಗ ಬಿಸಿನೀರ ಸಿಗವಲ್ದು."

ಟೀಚರು ಕೊಟ್ಟರು. ಅಲ್ಲಿಂದ ಮುಂದೆ ನಾನು ಟೀಚರ ಫ್ಲಾಸ್ಕು ಅಲ್ಲ, ಓಣಿಯ ಫ್ಲಾಸ್ಕು. ಓಣಿಯಲ್ಲಿ ಯಾರು ದವಾಖಾನೆ ಸೇರಿದರೂ ಮೊದಲು ನನ್ನನ್ನು ಕೇಳಿಕೊಂಡು ಬರುತ್ತಿದ್ದರು, ಆಮೇಲೆ ಆಟೋ. ತಿರುಗಿ ಕೊಡುವುದಕ್ಕೂ ಒಂದು ಪದ್ಧತಿ ಬೆಳೆಯಿತು. ಒಳ್ಳೆಯ ಸುದ್ದಿಯಾದರೆ ನನ್ನ ಮುಚ್ಚಳದ ಬಟ್ಟಲಲ್ಲಿ ಒಂದು ಹಿಡಿ ಸಕ್ಕರೆ ಹಾಕಿ, ಒಳಗೆ ಬಂದು ಕೂತು, ಕತೆ ಹೇಳಿ ಕೊಟ್ಟು ಹೋಗುತ್ತಿದ್ದರು. ಕೆಟ್ಟ ಸುದ್ದಿಯಾದರೆ ತೊಳೆದು, ಬಾಗಿಲ ಪಕ್ಕ ಇಟ್ಟು, ಕರೆಯದೆ ಹೋಗುತ್ತಿದ್ದರು. ಬಾಗಿಲ ಪಕ್ಕ ನಾನೊಬ್ಬನೇ ನಿಂತದ್ದು ಕಂಡರೆ ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಒಳಗೆ ಒಯ್ಯುತ್ತಿದ್ದರು.

ದವಾಖಾನೆಯಲ್ಲಿ ನನ್ನ ಜಾಗ ಬೆಂಚಿನ ಕೆಳಗೆ. ಅಲ್ಲಿಂದ ಜನರ ಮುಖ ಕಾಣುವುದಿಲ್ಲ, ಪಾದ ಕಾಣುತ್ತವೆ. ಕಾಯುವವರ ಪಾದಗಳು ಸುಮ್ಮನಿರುವುದಿಲ್ಲ, ಒಂದರ ಮೇಲೊಂದು ಹತ್ತಿ ಇಳಿಯುತ್ತವೆ, ಚಪ್ಪಲಿ ಬಿಟ್ಟು ಮತ್ತೆ ಹಾಕಿಕೊಳ್ಳುತ್ತವೆ. ಒಳಗಿನ ಬಾಗಿಲು ತೆರೆದು ನರ್ಸಿನ ಬಿಳಿ ಬೂಟು ಹೊರಗೆ ಬಂದಾಗ ಬೆಂಚಿನ ಮುಂದಿನ ಪಾದಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ನಾನು ನೀರನ್ನು ಬಿಸಿಯಾಗಿ ಇಡಬಲ್ಲೆ, ಸುದ್ದಿಯನ್ನು ಬದಲಿಸಲಾರೆ.

ಟೀಚರಿಗೆ ಹಿರೇಕೆರೂರಿಗೆ ವರ್ಗವಾಯಿತು. ಹೋಗುವಾಗ ನನ್ನನ್ನು ಎದುರು ಮನೆಯ ಶಿವಗಂಗವ್ವನ ಕೈಯಲ್ಲಿ ಇಟ್ಟು, "ಇದು ಓಣ್ಯಾಗ ಇರಲಿ" ಅಂದರು. ಶಿವಗಂಗವ್ವ ಎತ್ತರದ ಹೆಂಗಸು, ದೊಡ್ಡ ದನಿ, ಮಾತಿನಲ್ಲಿ ಮುಲಾಜಿಲ್ಲ. ಗಂಡ ತೀರಿಕೊಂಡಿದ್ದ. ಮಗ ಮಹಾಂತೇಶ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವಳು ನನ್ನನ್ನು ಅಡುಗೆಮನೆಯ ಹಲಗೆಯ ತುದಿಯಲ್ಲಿ, ಬೇರೆ ಪಾತ್ರೆಗಳಿಂದ ದೂರ ಇಟ್ಟಳು. ದವಾಖಾನೆಗೆ ಮಾತ್ರ ಇಳಿಸುತ್ತಿದ್ದಳು. ನೆಂಟರು ಬಂದಾಗ ಚಹಾ ಹಾಕಿಡಲು ನನ್ನನ್ನು ಮುಟ್ಟಿದ್ದರೆ ಕೇಳಿ. ಓಣಿಯವರು ವರ್ಷಕ್ಕೊಮ್ಮೆ ಟೆಂಪೋ ಮಾಡಿಕೊಂಡು ಊರೂರು ನೋಡಲು ಹೋಗುತ್ತಿದ್ದರು, ಬುತ್ತಿ ಕಟ್ಟುತ್ತಿದ್ದರು, ನೀರಿನ ಕ್ಯಾನು ಏರಿಸುತ್ತಿದ್ದರು. ನನ್ನನ್ನು ಕರೆದವರಿಲ್ಲ. ನನ್ನ ಹೆಸರೇ ದವಾಖಾನಿ ಫ್ಲಾಸ್ಕು ಎಂದಾಗಿತ್ತು.

ಮಹಾಂತೇಶನ ಹೆಂಡತಿಯಾಗಿ ಸುವರ್ಣಾ ಬಂದಳು. ಸಣ್ಣ ಆಳು, ಕೆಲಸದಲ್ಲಿ ಚುರುಕು. ಎರಡನೇ ವರ್ಷ ಅವಳ ಹೆರಿಗೆಗೆ ನಾನು ಹೋದೆ. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಗಾಜಿನೊಳಗೆ ಬಿಸಿ ಕಾಯುವುದು ನನ್ನ ಕಸುಬು, ಹಾಗಾಗಿ ಆ ಪೆಟ್ಟಿಗೆಯ ಮೇಲೆ ನನಗೆ ಏನೋ ನಂಬಿಕೆ ಹುಟ್ಟಿತು. ಸುವರ್ಣಾ ಹನ್ನೊಂದು ದಿನ ಆ ಕೋಣೆಯ ಹೊರಗೆ ಕೂತಳು. ಬೆಳಿಗ್ಗೆ ನನ್ನನ್ನು ತುಂಬಿಸುವಳು, ಸಂಜೆ ಚೆಲ್ಲುವಳು, ಒಂದು ಗುಟುಕೂ ತಾನು ಕುಡಿಯುತ್ತಿರಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಬಿಳಿ ಬೂಟು ಹೊರಗೆ ಬಂತು.

ಆ ದಿನ ಆಟೋದಲ್ಲಿ ಸುವರ್ಣಾ ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಅಪ್ಪಿ ಹಿಡಿದು ಮನೆಗೆ ಬಂದಳು. ಮಹಾಂತೇಶ ತೆಗೆದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಹಾಗೆ ಹಿಡಿದಿರಲಿಲ್ಲ, ಹಾಗೆ ಹಿಡಿಸಿಕೊಳ್ಳುವುದು ನನಗೆ ಬೇಕಾಗಿಯೂ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ಚಿನ್ಮಯ ಹುಟ್ಟಿದ. ಅವನದೂ ಅವಸರವೇ. ಮತ್ತೆ ಅದೇ ಗಾಜಿನ ಪೆಟ್ಟಿಗೆ, ಅದೇ ಬೆಂಚು, ಅದರ ಕೆಳಗೆ ನಾನು. ಇಪ್ಪತ್ತಾರು ದಿನ. ಇಪ್ಪತ್ತೇಳನೆಯ ದಿನ ಮಗು ಮನೆಗೆ ಬಂತು. ಶಿವಗಂಗವ್ವ ನನ್ನ ಮುಚ್ಚಳದ ತುಂಬ ಸಕ್ಕರೆ ಹಾಕಿಕೊಂಡು ಓಣಿಯ ಮನೆಮನೆಗೂ ಹೋಗಿ ಹಂಚಿದಳು.

ಆದರೆ ಸುವರ್ಣಾ ಮಾತ್ರ ದವಾಖಾನೆಯಿಂದ ಬರಲೇ ಇಲ್ಲ ಅನ್ನಬೇಕು. ಮಗುವಿಗೆ ಒಂದು ವರ್ಷ ಏಳು ತಿಂಗಳಾದರೂ ಅದನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಕುದಿಸಿ ಆರಿಸಿದ ನೀರಿನಲ್ಲೇ ಸ್ನಾನ. ಒಂದು ಸೀನು ಬಂದರೆ ಕಿಟಕಿಯೆಲ್ಲ ಮುಚ್ಚುವುದು. ಯಾರಾದರೂ ಎತ್ತಿಕೊಂಡರೆ ಅವರ ಕೈ ತೊಳೆಸುವುದು. ಹುಡುಗ ಗುಂಡಗೆ ಕುಣಿದಾಡುತ್ತಿದ್ದ, ತಾಯಿ ಕಡ್ಡಿಯಾಗುತ್ತಿದ್ದಳು. ಲಸಿಕೆ ಹಾಕಿಸಲು ಹೋದಾಗ ಡಾಕ್ಟರಮ್ಮ ಅವಳನ್ನೇ ನೋಡಿ, "ಮಗು ಗಟ್ಟಿ ಐತಿ. ನೀನು ಸೊರಗೀದಿ. ಎಲ್ಲಿಗ್ಯಾರ ಕರ್ಕೊಂಡು ಹೋಗು ಇಬ್ರನ್ನೂ" ಅಂದರಂತೆ. ಮಹಾಂತೇಶ ಅದನ್ನೇ ಹಿಡಿದುಕೊಂಡ. ಹೊನ್ನಾವರದ ಹತ್ತಿರ ಸಮುದ್ರ, ಎರಡು ದಿನ, ಬಾಡಿಗೆ ಕಾರು. ಹುಡುಗ ಅಲೆ ನೋಡಲಿ, ತನ್ನ ಅವ್ವನೂ ಜೀವಮಾನದಲ್ಲಿ ಒಮ್ಮೆ ಸಮುದ್ರ ನೋಡಲಿ ಎಂದು ಅವನ ಆಸೆ. ಸುವರ್ಣಾ ಬೇಡ ಅನ್ನಲಿಲ್ಲ. ಹೂಂ ಅಂದ ಆ ಕ್ಷಣದಿಂದಲೇ ಚೀಲ ಕಟ್ಟಲು ಕೂತಳು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನನ್ನನ್ನು ಹಲಗೆಯಿಂದ ಇಳಿಸಿದಳು. ಶಿವಗಂಗವ್ವ ಅಲ್ಲೇ ಇದ್ದಳು.

"ಅದನ್ನ್ಯಾಕ ಇಳಿಸ್ತಿ?"

"ಹಾದ್ಯಾಗ ಬಿಸಿನೀರು ಬೇಕಲ್ರಿ ಅತ್ತಿ, ಹುಡುಗಗ."

"ಯಾವ ಹೋಟೆಲ್‌ನ್ಯಾಗ ಕೇಳಿದ್ರೂ ಕೊಡ್ತಾರ. ಅದು ದವಾಖಾನಿ ಫ್ಲಾಸ್ಕು. ಹುಡುಗನ್ನ ಕರ್ಕೊಂಡು ಖುಷಿಲೆ ಹೊಂಟೇವಿ, ಅದು ಜೋಡಿ ಬ್ಯಾಡ."

ಸುವರ್ಣಾ ನನ್ನನ್ನು ಟವೆಲಿನಲ್ಲಿ ಸುತ್ತಿ ದೊಡ್ಡ ಚೀಲದೊಳಗೆ ಇಟ್ಟಳು. ಅವಳು ಆಚೆ ಹೋದದ್ದೇ ತಡ, ಶಿವಗಂಗವ್ವ ನನ್ನನ್ನು ತೆಗೆದು ಹಲಗೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಸೊಸೆ ಬಂದಳು, ನಾನು ಚೀಲಕ್ಕೆ. ಅತ್ತೆ ಬಂದಳು, ನಾನು ಹಲಗೆಗೆ. ಮಧ್ಯಾಹ್ನದ ಊಟದೊಳಗೆ ಮೂರು ಸಲ ಹೀಗೆ ಹತ್ತಿ ಇಳಿದೆ. ಇಬ್ಬರೂ ಬಾಯಿ ಬಿಡುವುದಿಲ್ಲ, ನನ್ನ ಪಾಡು ಕೇಳುವವರಿಲ್ಲ. ಚಿನ್ಮಯನಿಗೆ ಇದು ಆಟವಾಗಿ ಕಂಡಿತು. ಚೀಲದಿಂದ ತನ್ನ ಟೊಪ್ಪಿಗೆ ತೆಗೆದು ಹಲಗೆಯತ್ತ ಎಸೆಯತೊಡಗಿದ.

ನಾನು ಶಿವಗಂಗವ್ವನ ಮೇಲೆ ಕೋಪಗೊಂಡಿದ್ದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಖುಷಿಯ ಪ್ರಯಾಣ ಕೂಡಿಬಂದಿದೆ, ಇವಳಿಗೇನು ಬಂತು ಎಂದು. ಆದರೆ ನಾಲ್ಕನೆಯ ಸಲ ಚೀಲದೊಳಗೆ ಇಳಿದಾಗ ಅಕ್ಕಪಕ್ಕ ನೋಡಿದೆ. ನಾನು ಎಡಗಡೆ, ಟವೆಲಿನಲ್ಲಿ. ನನ್ನ ಪಕ್ಕ ಎರಡು ಚಮಚ, ಒಂದು ಸ್ಟೀಲಿನ ಲೋಟ, ಮೋಸಂಬಿ ಹೆಚ್ಚುವ ಚಾಕು. ಕೆಳಗೆ ರಬ್ಬರ್ ಶೀಟು, ಅದರ ಮೇಲೆ ಒಗೆದು ಮೆತ್ತಗಾದ ಹಳೆಯ ಸೀರೆಗಳು. ಜ್ವರ ನೋಡುವ ಕಡ್ಡಿ, ಉಗಿ ಕೊಡುವ ಮಿಷನ್ನು. ಬಲಗಡೆ, ಚೀಲದ ಗೋಡೆಗೆ ಒತ್ತಿ, ದವಾಖಾನೆಯ ಕಾಗದದ ಫೈಲು. ಪ್ರತಿಯೊಂದೂ ಅದದರ ಜಾಗದಲ್ಲಿತ್ತು. ಇದು ನನಗೆ ಗೊತ್ತಿದ್ದ ಚೀಲ. ಎರಡು ಸಲ ಇದೇ ಚೀಲದಲ್ಲಿ ನಾನು ದವಾಖಾನೆಗೆ ಹೋಗಿದ್ದೆ. ಸುವರ್ಣಾಳ ಕೈಗೆ ಮಗುವಿನ ಜೊತೆ ಹೊರಡುವುದು ಅಂದರೆ ಇದೊಂದೇ ಬರುತ್ತಿತ್ತು.

ಅವಳು ಹುಡುಗನಿಗೆ ಸ್ನಾನ ಮಾಡಿಸಲು ಬಚ್ಚಲಿಗೆ ಹೋದಾಗ ಶಿವಗಂಗವ್ವ ನಾಲ್ಕನೆಯ ಸಲ ನನ್ನನ್ನು ತೆಗೆಯಲು ಬಂದಳು. ಈ ಸಲ ನನ್ನನ್ನು ಎತ್ತುವಾಗ ಪಕ್ಕದ ಫೈಲು ಜಾರಿತು. ಅದು ಒಂದಲ್ಲ, ಎರಡು ಫೈಲು. ಒಂದು ಚಿನ್ಮಯನದು. ಇನ್ನೊಂದು ಹಳದಿಯದು, ಅದರ ಮೇಲೆ ಸುವರ್ಣಾಳ ಕೂಸು ಎಂದಷ್ಟೇ ಬರೆದಿತ್ತು, ಆ ಹುಡುಗಿಗೆ ಹೆಸರಿಡುವ ದಿನವೇ ಬಂದಿರಲಿಲ್ಲವಲ್ಲ. ಶಿವಗಂಗವ್ವನಿಗೆ ಓದಲು ಬರುವುದಿಲ್ಲ. ಆದರೆ ಆ ಹಳದಿ ಫೈಲನ್ನು ಅವಳು ಹನ್ನೊಂದು ದಿನ ಕೈಯಲ್ಲಿ ಹಿಡಿದು ಓಡಾಡಿದ್ದಳು. ಅವಳು ಚಮಚ ನೋಡಿದಳು, ಚಾಕು ನೋಡಿದಳು, ರಬ್ಬರ್ ಶೀಟಿನ ಮೂಲೆ ಎತ್ತಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. ನಾನು ಅವಳ ಮಡಿಲಲ್ಲಿದ್ದೆ. ಬಚ್ಚಲಿನಲ್ಲಿ ಹುಡುಗ ನೀರು ಬಡಿದು ಕೇಕೆ ಹಾಕುವುದು ಕೇಳುತ್ತಿತ್ತು.

ಬಹಳ ಹೊತ್ತಾದ ಮೇಲೆ ಅವಳೇ ನನ್ನನ್ನು ಟವೆಲಿನಲ್ಲಿ ಸುತ್ತಿದಳು, ಎಡಗಡೆಯೇ ಇಟ್ಟಳು. ಫೈಲುಗಳನ್ನು ಬಲಕ್ಕೆ ಸೇರಿಸಿದಳು. ಒಂದನ್ನೂ ತೆಗೆಯಲಿಲ್ಲ. ಎದ್ದು ಹೋಗಿ ಹುಡುಗನ ನಾಲ್ಕು ಚಡ್ಡಿ, ನಾಲ್ಕು ಅಂಗಿ, ಒಂದು ಸಣ್ಣ ಬೋಗುಣಿ ತಂದು ಎಲ್ಲದರ ಮೇಲೆ ಇಟ್ಟಳು. ಸುವರ್ಣಾ ಎರಡು ದಿನದಿಂದ ಚೀಲ ತುಂಬಿದ್ದಳು, ಮಗುವಿಗೆ ಒದ್ದೆಯಾದರೆ ಹಾಕಲು ಒಂದೂ ಅಂಗಿ ಇಟ್ಟಿರಲಿಲ್ಲ.

ಸೊಸೆ ಬಂದಾಗ ಅವಳು ಹೇಳಿದ್ದು ಇಷ್ಟೇ: "ಫ್ಲಾಸ್ಕು ಇರಲಿ ಬಿಡವಾ. ಹುಡುಗಗ ಬಿಸಿನೀರು ಬೇಕಾಗ್ತಾವು."

ಸಂಜೆ ಮಹಾಂತೇಶ ಬಂದು ಚೀಲದ ಮೇಲೆ ಮೊಣಕಾಲೂರಿ ಜಿಪ್ಪು ಎಳೆದ. "ಎರಡು ದಿನಕ್ಕ ಇಷ್ಟೊಂದಾ?" ಅಂದ. ಹೆಂಗಸರಿಬ್ಬರೂ ಅವನ ಮುಖ ನೋಡಿದರು, ಅವನು ಚೀಲ ಎತ್ತಿ ಬಾಗಿಲ ಹತ್ತಿರ ಇಟ್ಟ.

ಬೆಳಿಗ್ಗೆ ಕುದಿಯುವ ನೀರು ಹಾಕಿಸಿಕೊಂಡು ಹೊರಟೆ. ಜೋಗದ ಹಾದಿ, ಘಟ್ಟದ ತಿರುವುಗಳು. ಒಂದೊಂದು ತಿರುವಿಗೂ ಸುವರ್ಣಾ ಮಗುವಿನ ಹಣೆ ಮುಟ್ಟುತ್ತಿದ್ದಳು. ಹುಡುಗ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೊಡೆದ. ಮಧ್ಯಾಹ್ನ ಲಾಡ್ಜಿನಲ್ಲಿ ಚೀಲ ಇಳಿಸಿದ್ದಾಯಿತು. ನಾಲ್ಕು ಗಂಟೆಗೆ ಕಡಲ ದಂಡೆಗೆ ಬಂದೆವು. ಸುವರ್ಣಾ ಅಷ್ಟೂ ಚೀಲವನ್ನು ಅಲ್ಲಿಗೂ ಹೊರಿಸಿಕೊಂಡು ಬಂದಿದ್ದಳು.

ದಂಡೆಯ ಮೇಲೆ ಎಳೆದಿಟ್ಟ ಒಂದು ದೋಣಿ, ಅದರ ನೆರಳಿನಲ್ಲಿ ರಬ್ಬರ್ ಶೀಟು ಹಾಸಿದಳು. ನನ್ನನ್ನು ದೋಣಿಯ ಬುಡಕ್ಕೆ ಒರಗಿಸಿ ನಿಲ್ಲಿಸಿದಳು. ನಾನು ಮೊದಲ ಸಲ ಸಮುದ್ರ ನೋಡಿದೆ. ಅಷ್ಟು ನೀರು, ಕಾಯಿಸುವವರಿಲ್ಲ, ಮುಚ್ಚುವವರಿಲ್ಲ. ಸುವರ್ಣಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವನ ಸೊಂಟಕ್ಕೆ ಕೈ ಬಿಗಿದು ಕೂತಳು. ಹುಡುಗ ನೀರಿನತ್ತ ಬಗ್ಗಿದಷ್ಟೂ ಅವಳ ಕೈ ಬಿಗಿಯಾಗುತ್ತಿತ್ತು.

"ಕಾಲಾರ ತೋಯಿಸಿಕೊಂಡು ಬರ್ತೇನಿ ತಾ ಅವನ್ನ" ಅಂದ ಮಹಾಂತೇಶ.

"ನೀರು ತಣ್ಣಗ ಅದಾವು. ಇಲ್ಲಿಂದನ ನೋಡ್ತಾನ."

ಶಿವಗಂಗವ್ವ ಇಬ್ಬರನ್ನೂ ನೋಡಿದಳು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡಳು, ನೇರವಾಗಿ ಅಲೆಯತ್ತ ನಡೆದಳು. ಅರವತ್ತಾರು ವರ್ಷದಲ್ಲಿ ಕೆರೆಗಿಂತ ದೊಡ್ಡ ನೀರಿಗೆ ಕಾಲಿಡದ ಹೆಂಗಸು. ಎರಡು ಸಣ್ಣ ಅಲೆ ಪಾದಕ್ಕೆ ಬಂದವು. ಮೂರನೆಯದು ಮಂಡಿಗೆ ಬಡಿದು, ಅವಳ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಯಿತು. ದೊಡ್ಡ ದನಿಯ, ಮುಲಾಜಿಲ್ಲದ ಶಿವಗಂಗವ್ವ ದೊಪ್ಪೆಂದು ನೀರಿನಲ್ಲಿ ಕೂತಳು. ಮುಡಿ ಬಿಚ್ಚಿಹೋಯಿತು. ಅವಳು ಎದ್ದೇಳಲಿಲ್ಲ, ಕೂತಲ್ಲೇ ನಗತೊಡಗಿದಳು. ನಲವತ್ತು ವರ್ಷದ ನಗುವನ್ನು ಒಟ್ಟಿಗೆ ನಕ್ಕಂತಿತ್ತು.

ಚಿನ್ಮಯ ಅಜ್ಜಿಯನ್ನು ನೋಡಿದ, ಕಿರುಚಿದ, ಮೀನಿನ ಹಾಗೆ ಕೊಸರಿಕೊಂಡ. ಅತ್ತೆ ಬಿದ್ದದ್ದನ್ನು ನೋಡಿ ಸುವರ್ಣಾ ಅರ್ಧ ಎದ್ದಿದ್ದಳು, ಕೈ ಒಂದು ಕ್ಷಣ ಸಡಿಲವಾಗಿತ್ತು. ಹುಡುಗ ಓಡಿದ. ಅವಳು ಬೆನ್ನಟ್ಟಿದಳು. ಅವಳ ಕೈ ತಲುಪುವ ಮೊದಲೇ ಅಲೆ ತಲುಪಿತು. ಅವನೂ ಅಜ್ಜಿಯ ಪಕ್ಕದಲ್ಲೇ ಕುಕ್ಕರಿಸಿ ಬಿದ್ದ, ನೀರು ಅವನ ಮುಖದ ಮೇಲೆ ಹಾದುಹೋಯಿತು. ಅಜ್ಜಿ ರಟ್ಟೆ ಹಿಡಿದೆತ್ತಿದಳು. ಹುಡುಗ ಕೆಮ್ಮಿದ. ಒಂದು ಸಲ, ಎರಡು ಸಲ, ಮುಖ ಕೆಂಪಾಗುವಷ್ಟು.

ಆ ಕೆಮ್ಮು ನನಗೆ ಗೊತ್ತು. ಅದಕ್ಕೆ ಸುವರ್ಣಾ ಎಷ್ಟು ಹೆದರುತ್ತಾಳೆಂಬುದೂ ಗೊತ್ತು. ಅವಳು ಎರಡು ಹೆಜ್ಜೆ ದೂರದಲ್ಲಿ ಕಲ್ಲಾಗಿ ನಿಂತಿದ್ದಳು. ಮಹಾಂತೇಶ ಓಡಿ ಬರುತ್ತಿದ್ದ. ಶಿವಗಂಗವ್ವನ ನಗು ನಿಂತಿತ್ತು, ಮಾಡಬಾರದ್ದು ಮಾಡಿಬಿಟ್ಟೆನೇ ಎಂದು ಅವಳು ಸೊಸೆಯನ್ನು ನೋಡುತ್ತಿದ್ದಳು. ನಾನು ನನ್ನೊಳಗಿನ ಬಿಸಿನೀರನ್ನು ಹಿಡಿದುಕೊಂಡು, ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾಯುತ್ತಿದ್ದೆ.

ಹುಡುಗ ಕಣ್ಣೊರೆಸಿಕೊಂಡ. ನಾಲಿಗೆ ಹೊರಗೆ ಹಾಕಿ ಉಪ್ಪು ನೋಡಿದ. ಮುಖ ಕಿವುಚಿದ. ಆಮೇಲೆ ಅಲೆಯ ಕಡೆ ಬೆರಳು ತೋರಿಸಿ ಅವ್ವನಿಗೆ ಹೇಳಿದ.

"ಮತ್ತ."

ಸುವರ್ಣಾ ಅವನನ್ನು ಎತ್ತಿಕೊಂಡು ದಂಡೆಗೆ ಬರುತ್ತಾಳೆ, ಒರೆಸುತ್ತಾಳೆ, ಚೀಲ ಬಿಚ್ಚುತ್ತಾಳೆ ಎಂದುಕೊಂಡೆ. ಅವಳು ಅವನ ಮುಂದೆ ಕೂತಳು. ಸೀರೆಯುಟ್ಟಂತೆಯೇ, ಆ ನೀರಿನಲ್ಲಿ. ಮುಂದಿನ ಅಲೆ ಮೂವರ ಮೇಲೂ ಒಟ್ಟಿಗೆ ಬಂತು.

ಆಮೇಲಿನದು ನಾನು ದೂರದಿಂದ ನೋಡಿದ್ದು. ಮಹಾಂತೇಶನೂ ಇಳಿದ. ಬೋಗುಣಿಯಲ್ಲಿ ಮರಳು ತುಂಬಿದರು, ಸುರಿದರು. ಹುಡುಗ ಮೂರು ಅಂಗಿ ತೋಯಿಸಿದ. ಅಜ್ಜಿ ಇಟ್ಟಿದ್ದ ನಾಲ್ಕನೆಯದನ್ನು ಹಾಕುವ ಹೊತ್ತಿಗೆ ಸೂರ್ಯ ನೀರಿಗೆ ತಾಕಿತ್ತು. ಹೊರಡುವ ಗಡಿಬಿಡಿ. ಒದ್ದೆ ಬಟ್ಟೆಯ ಗಂಟು, ಚಿಪ್ಪು ತುಂಬಿದ ಬೋಗುಣಿ, ಚೀಲ, ಶೀಟು. ಹುಡುಗ ಸುವರ್ಣಾಳ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅವರು ಮರಳಿನಲ್ಲಿ ಕಾಲೆಳೆಯುತ್ತ ರಸ್ತೆಯ ಕಡೆ ಹೋದರು. ನಾನು ದೋಣಿಯ ಬುಡದಲ್ಲೇ ಇದ್ದೆ.

ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬಂತು. ಇಡೀ ದಿನ ನೀರನ್ನು ಕಾದಿದ್ದೇನೆ, ಒಂದು ತೊಟ್ಟು ಕೇಳಿದವರಿಲ್ಲ. ಮರೆತು ಬೇರೆ ಹೋದರು. ಕಾರಿನ ಹತ್ತಿರ ಹೋದ ಮೇಲೆ ನೆನಪಾಗುತ್ತದೆ, ಓಡಿ ಬರುತ್ತಾಳೆ ಎಂದುಕೊಂಡೆ. ಕಾರಿನ ಸದ್ದು ದೂರವಾಯಿತು. ದಂಡೆಯಲ್ಲಿ ಎಳನೀರು, ಚಹಾ ಮಾರುವ ತುಳಸಿ ಎಂಬವಳು ಅಂಗಡಿ ಮುಚ್ಚುವಾಗ ನನ್ನನ್ನು ಕಂಡು ಎತ್ತಿಕೊಂಡು ಹೋಗಿ ಒಳಗಿಟ್ಟಳು.

ಮರುದಿನ ಬೆಳಿಗ್ಗೆ ಅವರು ಮತ್ತೆ ಬಂದರು. ನನ್ನನ್ನು ಹುಡುಕಿಕೊಂಡಲ್ಲ, ಹುಡುಗನಿಗೆ ಎಳನೀರು ಕುಡಿಸಲು. ಅವನು ಬರಿಗಾಲಲ್ಲಿದ್ದ, ಅಪ್ಪನ ಬೆರಳು ಹಿಡಿದಿದ್ದ. ಕೆಮ್ಮೂ ಇಲ್ಲ, ಸೀನೂ ಇಲ್ಲ. ತುಳಸಿ ನನ್ನನ್ನು ತಂದು ಸುವರ್ಣಾಳ ಮುಂದಿಟ್ಟಳು.

"ನಿನ್ನೆ ಇದ್ನ ಬಿಟ್ಕಂಡು ಹೋಗಿದ್ರಿ. ಕೇಳ್ಕಂಡು ಬರ್ತೀರಿ ಅಂತ ಎತ್ತಿಟ್ಟಿದ್ದೆ."

ಸುವರ್ಣಾ ನನ್ನನ್ನು ನೋಡಿದಳು. ಕೈಗೆ ತೆಗೆದುಕೊಂಡು ಅಲುಗಿಸಿದಳು, ನಿನ್ನೆಯ ನೀರು ಹಾಗೇ ಇತ್ತು. ಅತ್ತೆಯ ಕಡೆ ತಿರುಗಿದಳು.

"ಅತ್ತಿ, ರಾತ್ರಿಯೆಲ್ಲಾ ಇದರ ನೆನಪ ಬರಲಿಲ್ಲ ನೋಡ್ರಿ ನನಗ."

"ಎಲ್ಲಿ ಬರ್ತೈತಿ? ಗೊರಕಿ ಹೊಡಕೋತ ಮಲಗಿದ್ದಿ."

"ನಾನಾ?"

"ಮತ್ತ ಯಾರು? ನಿನ್ನ ಗೊರಕಿಗೆ ನನಗ ನಿದ್ದಿ ಇಲ್ಲ."

ಸುವರ್ಣಾಳ ಕಣ್ಣು ತುಂಬಿಕೊಂಡವು. ಒಂದು ವರ್ಷ ಏಳು ತಿಂಗಳಿಂದ ಅವಳು ಒಂದೇ ಬೀಸಿಗೆ ಬೆಳಗಿನತನಕ ಮಲಗಿರಲಿಲ್ಲ, ಅದು ಮನೆಯವರಿಗೆಲ್ಲ ಗೊತ್ತಿತ್ತು. ಅವಳು ನನ್ನ ಬಿರಡೆ ತೆಗೆದು ಹಳೆಯ ನೀರನ್ನು ಮರಳಿಗೆ ಸುರಿದಳು. ಕೊನೆಯ ಹನಿ ಬೀಳುವವರೆಗೂ ಬೋರಲು ಹಿಡಿದಿದ್ದಳು.

"ಇದನ್ನ ಇಲ್ಲೇ ಬಿಡೂಣೇನ್ರಿ?" ಮೆಲ್ಲಗೆ ಕೇಳಿದಳು.

ಶಿವಗಂಗವ್ವ ಯೋಚನೆ ಮಾಡಿದಳು. ಓಣಿಯ ವಸ್ತು, ನಾಳೆ ಯಾರಾದರೂ ಬಾಗಿಲಿಗೆ ಬಂದು ಕೇಳಿದರೆ ಉತ್ತರ ಕೊಡಬೇಕಾದವಳು ಅವಳು. ನನ್ನ ತಗಡಿನ ಮೇಲೆ ಕೈಯಾಡಿಸಿದಳು.

"ಬಿಡು. ಓಣಿಗೆ ಒಂದು ಸ್ಟೀಲಿಂದು ತರೂಣು. ಇದು ಭಾಳ ನೋಡೈತಿ, ಸಾಕದಕ್ಕ."

ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ.

ಅದಾಗಿ ಐದು ವರ್ಷವಾಯಿತು. ನಾನೀಗ ತುಳಸಿಯ ಅಂಗಡಿಯ ಬಾಂಕಿನ ಮೇಲಿದ್ದೇನೆ, ಬೆಂಚಿಗೆ ಇಲ್ಲಿ ಹಾಗನ್ನುತ್ತಾರೆ. ಉಪ್ಪಿನ ಗಾಳಿಗೆ ನೀಲಿ ಬಣ್ಣ ಕಿತ್ತು ತುಕ್ಕು ಹಿಡಿದಿದೆ. ಹೂವು ಎರಡರಲ್ಲಿ ಒಂದು ಅಳಿಸಿಹೋಗಿದೆ. ಬಿಸಿ ಮೊದಲಿನಷ್ಟು ನಿಲ್ಲುವುದಿಲ್ಲ, ಮೂರು ತಾಸು ಕಳೆದರೆ ಚಹಾ ಉಗುರುಬೆಚ್ಚಗಾಗುತ್ತದೆ. ತುಳಸಿ ಬೈಯುವುದಿಲ್ಲ, ಅಷ್ಟರೊಳಗೆ ನಾನು ಎರಡು ಸಲ ಖಾಲಿಯಾಗಿರುತ್ತೇನೆ. ಎಳೆ ಮಕ್ಕಳನ್ನು ಎತ್ತಿಕೊಂಡು, ದೊಡ್ಡ ದೊಡ್ಡ ಚೀಲ ಹೊತ್ತುಕೊಂಡು ತಾಯಂದಿರು ಬರುತ್ತಾರೆ. ಅರ್ಧ ಸಾಮಾನು ಅವರಿಗೆ ಬೇಕೇ ಆಗುವುದಿಲ್ಲ ಎಂದು ನನಗೆ ಗೊತ್ತಿದೆ, ಹೇಳಲು ಬಾಯಿಲ್ಲ.

ಇಲ್ಲಿ ನಾನು ಬೆಂಚಿನ ಮೇಲಿರುವುದರಿಂದ ಈಗೀಗ ಮುಖಗಳು ಕಾಣುತ್ತವೆ. ಜನ ನನ್ನಿಂದ ಚಹಾ ಬಗ್ಗಿಸಿಕೊಂಡು ಕುಡಿಯುತ್ತಾರೆ, ಸಮುದ್ರ ನೋಡುತ್ತಾರೆ, ಎದ್ದು ಹೋಗುತ್ತಾರೆ. ಅವರಿಗೆ ಏನಾಯಿತು ಎಂದು ಯಾರೂ ಬಂದು ಹೇಳುವುದಿಲ್ಲ. ನಾನೂ ಕಾಯುವುದಿಲ್ಲ.